ಅಪ್‌ಡೇಟ್: ಕೊನೆಗೂ ಜೇಬಿಗೊಂದು ಕ್ಯಾಮೆರಾ ಬಂತು

ದಿನಾ ಜೇಬಲ್ಲಿ ಇಟ್ಟುಕೊಂಡು ಓಡಾಡಲು ಸೋನಿ ಆರ್‌ಎಕ್ಸ್100 ಮಾರ್ಕ್ 7 ಒಳ್ಳೆಯದಾ, ರಿಕೋ ಜಿಆರ್ 3 ಒಳ್ಳೆಯದಾ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾನು ರಿಕೋ ತೆಗೆದುಕೊಂಡೆ, ಸೆಕೆಂಡ್ ಹ್ಯಾಂಡ್.

ಸೋನಿಯಲ್ಲಿ 24ರಿಂದ 200 ಎಂಎಂವರೆಗೆ, ಅಂದರೆ ಅಗಲದ ನೋಟದಿಂದ ದೂರದ್ದನ್ನು ಹತ್ತಿರ ತೋರಿಸುವವರೆಗೆ, ಝೂಮ್ ಇದೆ. ಅದನ್ನು ಬಿಡಲು ಮನಸ್ಸೇ ಬರುತ್ತಿರಲಿಲ್ಲ. ಆದರೆ ನನ್ನ ಹಳೇ ಫೋಟೊಗಳನ್ನು ನೋಡಿದಾಗ ಮುಕ್ಕಾಲು ಪಾಲು ಅಗಲದ ಲೆನ್ಸಿನಲ್ಲೇ ತೆಗೆದವು! ರಿಕೋದಲ್ಲಿ ಝೂಮ್ ಇಲ್ಲ, ಅಗಲವಾದ 28 ಎಂಎಂ ನೋಟ ಒಂದೇ. ಬೆಳಕು ಹಿಡಿಯುವ ಸೆನ್ಸರ್ ಸೋನಿಯದಕ್ಕಿಂತ ದೊಡ್ಡದು (ಎಪಿಎಸ್-ಸಿ ಅಳತೆ), ಬ್ಯಾಟರಿ ಸೇರಿ 257 ಗ್ರಾಂ. ಅಂಗಿ ಜೇಬಲ್ಲೂ ಕೂರುತ್ತದೆ.

ನಿಜವಾದ ಖುಷಿ, ಫೋಕಸ್ ದೂರವನ್ನು ಮೊದಲೇ ಹೊಂದಿಸಿಡುವ ಸ್ನ್ಯಾಪ್ ಫೋಕಸ್‌ನಲ್ಲಿದೆ. ದೂರವನ್ನು 2 ಮೀಟರ್‌ಗೆ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಚಿಕ್ಕದಾಗಿ ಎಫ್8ಕ್ಕೆ ಇಟ್ಟುಬಿಡುತ್ತೇನೆ. ಸುಮಾರು ಒಂದು ಮೀಟರಿನಿಂದ ಆಚೆಗೆ ಇರುವುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಬಟನ್ ಒತ್ತಿದರೆ ಸಾಕು, ಫೋಕಸ್‌ಗೆ ಕಾಯಬೇಕಿಲ್ಲ. ಮೊನ್ನೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೆ. ಸೇವಂತಿಗೆ ಮೂಟೆ ಹೊತ್ತವರು ಒಬ್ಬರ ಹಿಂದೆ ಒಬ್ಬರು ನುಗ್ಗುತ್ತಿದ್ದರು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು, 'ತೆಗಿಯಪ್ಪಾ, ಆಮೇಲೆ ತೋರಿಸು' ಅಂದರು. ತೋರಿಸಿದೆ, ನಕ್ಕರು. ದೊಡ್ಡ ಕ್ಯಾಮೆರಾ ಇದ್ದಿದ್ದರೆ ಅಷ್ಟು ಸಲೀಸಾಗಿ ಮಾತಾಡುತ್ತಿದ್ದರೋ ಇಲ್ಲವೋ.

ಬ್ಯಾಟರಿ ಸುಮಾರು 200 ಚಿತ್ರಕ್ಕಷ್ಟೇ, ಇನ್ನೊಂದು ಜೊತೆಗಿರಲಿ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬಿಸಿಲಲ್ಲಿ ಸ್ಕ್ರೀನ್ ನೋಡುವುದು ಕಷ್ಟ. ಮಳೆಗೂ ತಡೆಯಿಲ್ಲ, ಹಾಗಾಗಿ ಒಂದು ಜಿಪ್ ಕವರ್ ಸದಾ ಇಟ್ಟುಕೊಂಡಿರುತ್ತೇನೆ. ಜನರ ಮುಖವೇ ಜಾಸ್ತಿ ತೆಗೆಯುವವರು ಇದಕ್ಕಿಂತ ಕಿರಿದಾದ 40 ಎಂಎಂ ನೋಟದ ಜಿಆರ್ 3ಎಕ್ಸ್ ನೋಡಿ.