ನೀರು ಬೆಳ್ಳಗಾಗಿದೆ, ಗಪ್ಪಿ ಸಾಯ್ತಿವೆ: ಫಿಲ್ಟರ್ ಕ್ಲೀನಾಗೇ ಇದೆ!

ಗಾಜಿನಕೆರೆ:
60 ಲೀಟರ್ ಟ್ಯಾಂಕ್, ಆರು ತಿಂಗಳು ಚೆನ್ನಾಗಿತ್ತು. ಮೂರು ದಿನದಲ್ಲಿ ನಾಲ್ಕು ಗಪ್ಪಿ ಮೀನು ಹೋದವು. ನೀರು ಅಕ್ಕಚ್ಚಿನ ಹಾಗಿದೆ. ಉಳಿದವು ಮೇಲೆ ಬಂದು ಬಾಯಿ ಬಿಡ್ತಿವೆ. ಎರಡು ಸಲ ಪೂರ್ತಿ ನೀರು ಬದಲಿಸಿದೆ, ಏನೂ ಉಪಯೋಗ ಇಲ್ಲ. ಸಾಕಾಗಿಹೋಗಿದೆ.

ಹಸಿರುಬಳ್ಳಿ:
ಆಮ್ಲಜನಕ ಸಾಲ್ತಿಲ್ಲ. ರಾತ್ರಿ ಗಿಡಗಳೂ ಅದನ್ನೇ ಎಳ್ಕೊಳ್ತವೆ. ಗಾಳಿ ಗುಳ್ಳೆ ಬಿಡೋ ಏರ್ ಸ್ಟೋನ್ ಹಾಕಿ, ಗಿಡ ಅರ್ಧ ಕತ್ತರಿಸಿ. ಲೈಟ್ ಎಷ್ಟು ಹೊತ್ತು?

ಗಾಜಿನಕೆರೆ:
ಏರ್ ಸ್ಟೋನ್ ಇದೆ ಸರ್. ಲೈಟ್ 8 ಗಂಟೆ.

ಹಸಿರುಬಳ್ಳಿ:
6 ಗಂಟೆಗೆ ಇಳಿಸಿ ನೋಡಿ.

ಕೆಸರುಗದ್ದೆ:
ಲೈಟ್ ಆಮೇಲೆ. ಅಮೋನಿಯ, ಪಿಎಚ್ ಎಷ್ಟು? ಫಿಲ್ಟರ್ ಸ್ಪಂಜು ಯಾವ ನೀರಲ್ಲಿ ತೊಳೆದ್ರಿ?

ಗಾಜಿನಕೆರೆ:
ಭಾನುವಾರ ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಕಲ್ಲುಗಳನ್ನೂ ತೊಳೆದು ಬಿಸಿಲಿಗೆ ಹಾಕಿದ್ದೆ. ಅಮೋನಿಯ ಲೀಟರಿಗೆ 2 ಮಿಲಿಗ್ರಾಂ, ಪಿಎಚ್ 8.

ಕೆಸರುಗದ್ದೆ:
ಅಲ್ಲೇ ಆಗಿದ್ದು. ಸ್ಪಂಜಿನ ಕಂದು ಲೋಳೆ ಕೊಳೆ ಅಲ್ಲ. ಮೀನಿನ ಹೊಲಸಿಂದ ಬರೋ ಅಮೋನಿಯವನ್ನ ನೈಟ್ರೈಟ್, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯ ಅದರಲ್ಲೇ ಇರ್ತವೆ. ಕಲ್ಲಿಗೆ ಜೀವ ಇಲ್ಲ ನಿಜ, ಅದರ ಮೈಮೇಲೆ ಅಂಟಿದ್ದವಕ್ಕೆ ಇತ್ತು. ನಲ್ಲಿ ನೀರಿನ ಕ್ಲೋರಿನ್ ಒಂದು ಕಡೆ ಕೊಂದಿತು, ಬಿಸಿಲು ಇನ್ನೊಂದು ಕಡೆ. ಪಿಎಚ್ 8, 25 ಡಿಗ್ರಿಯಲ್ಲಿ ಅಮೋನಿಯದ ಸುಮಾರು 5% ವಿಷದ ರೂಪದಲ್ಲಿರತ್ತೆ. ಪಿಎಚ್ 7 ಆಗಿದ್ರೆ ಅರ್ಧ ಪರ್ಸೆಂಟ್ ಅಷ್ಟೇ. ಬಿಳಿ ಮಬ್ಬು ಬೇರೆ ಬ್ಯಾಕ್ಟೀರಿಯ, ಕೊಳೆತದ್ದನ್ನ ತಿಂದು ಹೆಚ್ಚೋವು. ಅವು ಆಮ್ಲಜನಕ ತಿಂತವೆ, ಬಳ್ಳಿಯವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಈಗ ಎರಡು ದಿನ ಊಟ ಬಂದ್. ದಿನಾ 30 ಲೀಟರ್ ಬದಲಿಸಿ, ಹೊಸ ನೀರಿಗೆ ಮೊದಲೇ ಕ್ಲೋರಿನ್ ತೆಗೆಯೋ ಆಂಟಿ ಕ್ಲೋರಿನ್ ಹಾಕಿ. ಗೆಳೆಯರ ಹಳೇ ಟ್ಯಾಂಕಿನ ಸ್ಪಂಜು ಸಿಕ್ಕರೆ, ಒಣಗೋಕೆ ಬಿಡದೆ ತಂದು ನಿಮ್ಮ ಫಿಲ್ಟರಲ್ಲೇ ಇಡಿ. ಅವರ ಮೀನಿಗೆ ರೋಗ ಇಲ್ಲ ಅಂತ ಮೊದಲು ಕೇಳ್ಕೊಳ್ಳಿ. ಇನ್ಮುಂದೆ ಸ್ಪಂಜನ್ನ ಟ್ಯಾಂಕಿಂದ ತೆಗೆದ ನೀರಲ್ಲೇ ಬಕೆಟ್‌ನಲ್ಲಿ ಎರಡು ಸಲ ಹಿಂಡಿ, ಸಾಕು.

ತಿಳಿನೀರು:
ಇಷ್ಟೆಲ್ಲ ಯಾಕೆ, ಆರ್‌ಒ ನೀರು ಹಾಕಿ. ಬೋರ್ ನೀರು, ನಲ್ಲಿ ನೀರು ಎರಡೂ ಮೀನಿಗಾಗಲ್ಲ.

ಕೆಸರುಗದ್ದೆ:
ಗಪ್ಪಿಗೆ ಗಡಸು ನೀರೇ ಒಗ್ಗೋದು. ಅಮೋನಿಯದಲ್ಲಿರೋ ಒಂದು ಮಿಲಿಗ್ರಾಂ ಸಾರಜನಕವನ್ನ ನೈಟ್ರೇಟ್ ಮಾಡೋಕೆ ಬ್ಯಾಕ್ಟೀರಿಯ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ, ಅಂದ್ರೆ ಪಿಎಚ್ ಬೀಳದ ಹಾಗೆ ಹಿಡಿದಿಡೋ ಲವಣ, ತಿಂತವೆ. ಆರ್‌ಒ ನೀರಲ್ಲಿ ಅದು ಹೆಚ್ಚುಕಮ್ಮಿ ಇರೋದೇ ಇಲ್ಲ. ಪಿಎಚ್ ಕುಸಿಯತ್ತೆ, ಅವುಗಳ ಕೆಲಸ ನಿಲ್ಲತ್ತೆ.

ತಿಳಿನೀರು:
ನನ್ನ ನಾಲ್ಕು ಅಡಿ ಟ್ಯಾಂಕಲ್ಲಿ ಬರೀ ಆರ್‌ಒ. ಡಿಸ್ಕಸ್ ಮೀನು ಇವೆ, ಕ್ಯಾನಿಸ್ಟರ್ ಫಿಲ್ಟರ್ ಎರಡು.

ಕೆಸರುಗದ್ದೆ:
ಡಿಸ್ಕಸ್‌ಗೆ ಮೆದು ನೀರು ಸರಿ. ಇಲ್ಲಿರೋದು ಗಪ್ಪಿ.

ಗಾಜಿನಕೆರೆ:
ಆರು ದಿನ ಆಯ್ತು. ಅಮೋನಿಯ 0.25, ನೀರು ತಿಳಿಯಾಗಿದೆ. ಆದ್ರೆ ನೈಟ್ರೈಟ್ 1!

ಕೆಸರುಗದ್ದೆ:
ಅದು ಬರಲೇಬೇಕಿತ್ತು, ನೈಟ್ರೈಟನ್ನ ನೈಟ್ರೇಟ್ ಮಾಡೋ ಎರಡನೇ ಗುಂಪು ನಿಧಾನಕ್ಕೆ ಬೆಳೆಯತ್ತೆ. ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ, ನೈಟ್ರೈಟೂ ವಿಷವೇ, ಅದು ಕಿವಿರಿನ ಮೂಲಕ ಮೀನಿನ ರಕ್ತಕ್ಕೆ ಇಳಿಯೋದು ಕಮ್ಮಿಯಾಗತ್ತೆ. ನೀರು ಬದಲಿಸ್ತಾ ಇರಿ, ತೆಗೆದ ನೀರಿಗೆ ತಕ್ಕಷ್ಟೇ ಉಪ್ಪು ಮತ್ತೆ ಸೇರಿಸಿ. ನಾಳಿದ್ದು ಮತ್ತೆ ಟೆಸ್ಟ್ ಮಾಡಿ ಹಾಕಿ.