ಸಹಾಯ ಬೇಕು: ಸಿಲ್ವರ್ ಫಿಲ್ಲಿಂಗ್ ತೆಗೆಸಿದ ಮ್ಯಾಲೆ ಮಗುವಿಗೆ ಎಷ್ಟು ತಿಂಗಳು ಕಾಯಬೇಕು?

ಅಕ್ಕಂದಿರಿಗೆ ನಮಸ್ಕಾರ. ನಂದು ಕಲಬುರಗಿ, ಸೇಡಂ ರೋಡ್ ಕಡೆ. ವಯಸ್ಸು 31. ಸಣ್ಣಾಕಿದ್ದಾಗ ದವಡಿ ಹಲ್ಲಿಗೆ ತುಂಬಿಸಿದ್ದ ನಾಕು ಸಿಲ್ವರ್ ಫಿಲ್ಲಿಂಗ್ ಹೋದ ತಿಂಗಳು ತೆಗೆಸಿದೆ. ಎರಡು ಒಡೆದಿದ್ದವು, ಉಳಿದೆರಡು ನಾನೇ ಹಟ ಹಿಡಿದು ತೆಗೆಸಿದ್ದು. ಅದರಾಗ ಅರ್ಧದಷ್ಟು ಪಾದರಸ ಇರ್ತದಂತ, ಮಗು ಆಗೋಕ್ಕಿಂತ ಮೊದಲೇ ಹೋಗಲಿ ಅಂದ್ಕೊಂಡೆ.

ಈಗ ತೆಗೆಸಿದ್ದೇ ಚಿಂತಿ ಆಗ್ಯದ. ಕೊರೆಯುವಾಗ ಬಾಯಿಗೆ ರಬ್ಬರ್ ಹಾಳೆ ಹಾಕಲಿಲ್ಲ, ಬರೀ ನೀರು ಮತ್ತ ಸಕ್ಷನ್ ಪೈಪ್. ಬೂದಿ ಬಣ್ಣದ ಪುಡಿ ನಾಲಿಗಿ ಮ್ಯಾಲೆ ಕರಕರ ಅಂತು, ಒಂದಿಷ್ಟು ನುಂಗೇಬಿಟ್ಟೆ. ತೆಗೆಸಿದ ಕೂಡಲೇ ಮೈಯಾಗ ಪಾದರಸ ಸ್ವಲ್ಪ ಏರಿ ಆಮ್ಯಾಲೆ ನಿಧಾನಕ್ಕ ಇಳೀತದ, ಅರ್ಧ ಆಗಲಿಕ್ಕೇ ಸುಮಾರು 2 ತಿಂಗಳು ಹಿಡೀತದ ಅಂತ ಓದೀನಿ.

ಹಲ್ಲಿನ ಡಾಕ್ಟರು "ಏನೂ ಆಗಲ್ಲಮ್ಮ, ಕಾಯೋದು ಬ್ಯಾಡ" ಅಂದ್ರು. ಹೆರಿಗೆ ಡಾಕ್ಟರು ಫೋಲಿಕ್ ಆಸಿಡ್ ಬರೆದುಕೊಟ್ಟು "3 ತಿಂಗಳು ತಡೀರಿ" ಅಂದ್ರು. ಪರಿಚಯದಾಕಿ ಒಬ್ಬಾಕಿ ಮೈ ಶುದ್ಧಿ ಆಗ್ತದಂತ ಪುಡಿ ಕೊಟ್ಟಾಳ, ಅದನ್ನ ಮುಟ್ಟಿಲ್ಲ. ಅದರಾಗ ಏನೇನು ಹಾಕಿರ್ತಾರೋ! ಮನ್ಯಾಗ ಅತ್ತಿ ದಿನಾ ಕೇಳ್ತಾರ. ನಮ್ಮವರು "ನೀ ಹೆಂಗಂತಿ ಹಂಗ" ಅಂತಾರ. ರಾತ್ರಿ ನಿದ್ದಿ ಹತ್ತವಲ್ದು.

ನಿಮ್ಮಾಗ ಯಾರರ ಫಿಲ್ಲಿಂಗ್ ತೆಗೆಸಿ ಆಮ್ಯಾಲೆ ಬಸಿರಾದವರು ಇದ್ರ, ನಿಮಗ ಡಾಕ್ಟರು ಎಷ್ಟು ತಿಂಗಳು ಕಾಯ್ರಿ ಅಂದಿದ್ರು? ಮೂತ್ರದಾಗಿನ ಪಾದರಸದ ಟೆಸ್ಟ್ ಮಾಡ್ಸಿದ್ರೇನ್ರಿ? ಕಲಬುರಗಿಯಾಗೇ ಸ್ಯಾಂಪಲ್ ತಗೋತಾರೋ, ಹೈದರಾಬಾದಿಗೇ ಹೋಗಬೇಕೋ?