ಸಹಾಯ ಬೇಕು: ‘ದ್ವೀಪ’ ಸಿನಿಮಾದ ಒಳ್ಳೆ ಪ್ರಿಂಟ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಈ ಮಳೆಗಾಲದಲ್ಲಿ ಗಿರೀಶ್ ಕಾಸರವಳ್ಳಿ ಅವರ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನವರು, ನಮ್ಮವರೇ ಅಲ್ವಾ! 1977ರ ‘ಘಟಶ್ರಾದ್ಧ’ ತುಂಬಾ ಇಷ್ಟವಾಯಿತು. ಹುಡುಗ ನಾಣಿಯ ಕಣ್ಣಲ್ಲೇ ಅರ್ಧ ಕಥೆ ಇದೆ.

ಆದರೆ ಬಿಡದೆ ಕಾಡುತ್ತಿರುವುದು ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ಅಣೆಕಟ್ಟಿನ ನೀರು ಏರುತ್ತದೆ, ಊರವರು ಪರಿಹಾರ ತಗೊಂಡು ಹೊರಡುತ್ತಾರೆ, ಒಂದು ಮನೆ ಮಾತ್ರ ಉಳಿಯುತ್ತದೆ. ನಾಗಿಯಾಗಿ ಸೌಂದರ್ಯ ಎಷ್ಟು ಚೆನ್ನಾಗಿ ಮಾಡಿದ್ದಾರೆ! ಮನೆ ಉಳಿಸಲು ಅವಳು ಪಟ್ಟ ಪಾಡನ್ನೆಲ್ಲ ಗಂಡ ಕೊನೆಗೆ ದೇವರ ಲೆಕ್ಕಕ್ಕೆ ಬರೆಯುತ್ತಾನಲ್ಲ, ಆಗ ನನಗೆ ಸಿಟ್ಟೇ ಬಂತು. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ಮಳೆ ಸುಮ್ನೆ ಚೆಂದಕ್ಕೆ ಸುರಿಯುವುದಿಲ್ಲ, ಹೆದರಿಸುತ್ತದೆ. ಅದಕ್ಕೇ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ, ಗದ್ದೆ ಬಿಟ್ಟು ಬಂದ ಹಿರಿಯರು ನಮ್ಮೂರಲ್ಲಿದ್ದಾರೆ. ಅವರಿಗೆ ಈ ಸಿನಿಮಾವನ್ನು ದೊಡ್ಡ ಪರದೆಯಲ್ಲಿ ತೋರಿಸಬೇಕೆಂದು ತುಂಬಾ ಆಸೆ. ನಾನು ನೋಡಿದ ಪ್ರಿಂಟ್ ಮಸುಕು, ರಾತ್ರಿಯ ದೃಶ್ಯಗಳು ಕಾಣುವುದೇ ಇಲ್ಲ. ಒಳ್ಳೆಯದು ಎಲ್ಲಿ ಸಿಗುತ್ತದೆ? ಊರಲ್ಲಿ ತೋರಿಸಲು ಯಾರ ಅನುಮತಿ ಕೇಳಬೇಕು? ಹೆಗ್ಗೋಡಿನ ನೀನಾಸಂ ಚಿತ್ರಸಮಾಜದ ಕಾಲದಿಂದ ಇಂಥ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಸಾಗರದ ಸುತ್ತಮುತ್ತ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರಿದ್ದರೂ ಹೇಳಿ. ದೀಪಾವಳಿಯೊಳಗೆ ಆದರೆ ಒಳ್ಳೆಯದು, ಆಮೇಲೆ ಎಲ್ಲರಿಗೂ ಅಡಿಕೆ ಕೊಯ್ಲಿನ ಗಡಿಬಿಡಿ.